ಎರಡು ಎಕರೆ ಹದಿಮೂರು ಗುಂಟೆ

ಹೋದ ವರ್ಷದ ಮಳೆಗಾಲದಲ್ಲಿ ನಾನು ಧಾರವಾಡ ಜಿಲ್ಲೆಯ ಒಂದು ಹೊಲದಿಂದ ಸುಮಾರು ಎಂಟು ಗುಂಟೆ ಜಮೀನನ್ನು ಮಾಯ ಮಾಡಿದೆ. ಬದು ಒತ್ತಲಿಲ್ಲ, ಬಾಂದು ಕಲ್ಲು ಕೀಳಲಿಲ್ಲ. ಪುಣೆಯ ನನ್ನ ಮನೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಒಂದೇ ಒಂದು ಚುಕ್ಕಿಯಿಂದ ಈ ಕೆಲಸ ಮಾಡಿ ಮುಗಿಸಿದೆ.

ಅನುವಾದ ನನ್ನ ಹೊಟ್ಟೆಪಾಡು. ಕಥೆ, ಕಾದಂಬರಿ ಅಪರೂಪಕ್ಕೆ ಬರುತ್ತವೆ. ತಿಂಗಳ ಬಾಡಿಗೆ ಕಟ್ಟುವುದು ಕಾಗದಪತ್ರಗಳು: ಜನನ ಪ್ರಮಾಣಪತ್ರ, ಮದುವೆ ನೋಂದಣಿ, ವಾಟ್ನಿ ಪತ್ರ, ಪಹಣಿ. ಊರು ಬಿಟ್ಟು ನಮ್ಮ ಹಾಗೆ ಬೇರೆ ಬೇರೆ ಕಡೆ ನೆಲೆಸಿದವರಿಗೆ ಊರಿನ ಕಾಗದ ಓದಲು ಬರುತ್ತದೆ, ಆದರೆ ಅವರ ವಕೀಲರಿಗೆ, ಬ್ಯಾಂಕಿಗೆ ಬರುವುದಿಲ್ಲ. ಆಗ ನನ್ನಂಥವರು ಬೇಕಾಗುತ್ತಾರೆ. ಈ ಕುಟುಂಬದಲ್ಲಿ ಮೂವರು ಒಡಹುಟ್ಟಿದವರು. ಒಬ್ಬರು ಪುಣೆಯಲ್ಲಿ, ಒಬ್ಬರು ಚೆನ್ನೈನಲ್ಲಿ, ಹಿರಿಯಕ್ಕ ಊರಿನಲ್ಲೇ. ತಂದೆಯ ಹೊಲ ಮೂರು ಪಾಲಾಗಬೇಕಿತ್ತು. ಊರಿನಿಂದ ಉತಾರ ಬಂತು (ಸರ್ಕಾರ ಪಹಣಿ ಎನ್ನುವುದನ್ನು ಧಾರವಾಡದ ಕಡೆ ಉತಾರ ಎನ್ನುತ್ತಾರೆ). ವಿಸ್ತೀರ್ಣದ ಕಾಲಮಿನಲ್ಲಿ 2.13 ಎಂದಿತ್ತು. ನಾನು ಇಂಗ್ಲಿಷಿನಲ್ಲಿ 2.13 ಎಕರೆ ಎಂದು ಬರೆದೆ. ಚೆನ್ನೈನ ವಕೀಲರು ಅದನ್ನು 43,560ರಿಂದ ಗುಣಿಸಿ ಚದರ ಅಡಿ ಮಾಡಿದರು, ಮೂರರಿಂದ ಭಾಗಿಸಿ ಕರಡು ಸಿದ್ಧಪಡಿಸಿದರು. ಎಲ್ಲರೂ ಸರಿ ಎಂದರು.

ನಾಲ್ಕು ದಿನ ಬಿಟ್ಟು ಊರಿನಿಂದ ಫೋನು ಬಂತು. ಹಿರಿಯಕ್ಕ. ಎಪ್ಪತ್ತು ದಾಟಿದ ದನಿ.

"ಅಲ್ಲವ್ವಾ ತಂಗಿ, ಎರಡ್ ಎಕರೆ ಹದಿಮೂರ್ ಗುಂಟಿ ಅಂದ್ರ ಎಲ್ಲಾ ಕೂಡಿ ತೊಂಬತ್ಮೂರ್ ಗುಂಟಿ. ಮೂರ್ ಪಾಲು ಮಾಡಿದ್ರ ಮೂವತ್ತೊಂದು. ನೀ ಬರದದ್ರಾಗ ಇಪ್ಪತ್ತೆಂಟು ಚಿಲ್ರ ಬರ್ತೈತಂತ, ನಮ್ಮ ಹುಡುಗ ಲೆಕ್ಕ ಹಾಕಿ ಹೇಳಿದ. ನಮ್ಮ ಎರಡೂವರಿ ಗುಂಟಿ ಯಾರ್ ತಿಂದ್ರು?"

"ನಾನ ತಿಂದೇನ್ರಿ ಅಮ್ಮಾರ" ಎಂದೆ. ಬೇರೇನು ಹೇಳಲಿ?

ಪಹಣಿಯ ಚುಕ್ಕಿ ದಶಮಾಂಶದ ಚುಕ್ಕಿ ಅಲ್ಲ. ಅದರ ಎಡಕ್ಕೆ ಎಕರೆ, ಬಲಕ್ಕೆ ಗುಂಟೆ. 40 ಗುಂಟೆಗೆ ಒಂದು ಎಕರೆ. ಹಾಗಾಗಿ ಬಲಗಡೆ 39ರವರೆಗೆ ಏರಬಹುದು, 40 ಆಗುವ ಹೊತ್ತಿಗೆ ಎಡಗಡೆ ಒಂದು ಕೂಡಿಕೊಳ್ಳುತ್ತದೆ. 2.13 ಎಂದರೆ ದಶಮಾಂಶದಲ್ಲಿ 2.325 ಎಕರೆ. ನಾನು ಬರೆದದ್ದರಲ್ಲಿ ಹದಿಮೂರು ಗುಂಟೆ ಕುಗ್ಗಿ ಐದು ಗುಂಟೆ ಚಿಲ್ಲರೆಯಾಗಿತ್ತು. ಹೋದದ್ದು 8,494 ಚದರ ಅಡಿ. ಮಧ್ಯಾಹ್ನ 2.30ಕ್ಕೆ ಬಸ್ಸು ಎಂದರೆ ಅದನ್ನು ಎರಡು ಗಂಟೆಯ ಮೇಲೆ ಹದಿನೆಂಟು ನಿಮಿಷ ಎಂದು ಯಾರೂ ಓದುವುದಿಲ್ಲ. ಗಂಟೆಗೆ ತೋರಿಸುವ ಮರ್ಯಾದೆಯನ್ನು ನಾನು ಗುಂಟೆಗೆ ತೋರಿಸಲಿಲ್ಲ.

ನಾಚಿಕೆ ಕಳೆಯಲು ನನಗೆ ಗೊತ್ತಿರುವ ದಾರಿ ಒಂದೇ: ಆ ಪದದ ಬೆನ್ನು ಹತ್ತುವುದು. ಆಮೇಲಿನ ಕೆಲವು ತಿಂಗಳು ಬಿಡುವಿದ್ದಾಗಲೆಲ್ಲ ಗುಂಟೆಯ ಹಿಂದೆ ಅಲೆದೆ.

ಮೊದಲು ಅಳತೆ. ಒಂದು ಗುಂಟೆ ಎಂದರೆ ಪ್ರತಿ ಬದಿಯೂ 33 ಅಡಿ ಇರುವ ಚೌಕ. 33ನ್ನು 33ರಿಂದ ಗುಣಿಸಿದರೆ 1,089 ಚದರ ಅಡಿ. ಗಜದಲ್ಲಿ 11 ಗುಣಿಸು 11, ಅಂದರೆ 121 ಚದರ ಗಜ. ಹೈದರಾಬಾದಿನಲ್ಲಿ ಇರುವವರಿಗೆ ಈ 121 ಬಾಯಿಪಾಠ. ಬೆಂಗಳೂರಿನ ಮೂವತ್ತು ನಲವತ್ತರ ಸೈಟು 1,200 ಚದರ ಅಡಿ. ಒಂದು ಗುಂಟೆ ಅದಕ್ಕಿಂತ 111 ಅಡಿ ಚಿಕ್ಕದು. 'ಒಂದು ಗುಂಟೆ, ಒಂದು ಸೈಟು' ಎಂದು ಬಾಯಿಮಾತಿನಲ್ಲಿ ವ್ಯಾಪಾರ ಕುದುರಿಸಿದವರು ಆಮೇಲೆ ಟೇಪು ಹಿಡಿದಾಗ ಜಗಳಕ್ಕೆ ಬೀಳುವುದು ಇದೇ 111 ಅಡಿಗೆ.

ಆದರೆ 33 ಯಾಕೆ? 30 ಅಲ್ಲ, 35 ಅಲ್ಲ, 33 ಯಾಕೆ? ಉತ್ತರ ಇರುವುದು ಸರ್ವೆಯವರು ಹೊತ್ತು ತಿರುಗುತ್ತಿದ್ದ ಕಬ್ಬಿಣದ ಸರಪಳಿಯಲ್ಲಿ. ಲಂಡನ್ನಿನಲ್ಲಿ ಖಗೋಳಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಎಡ್ಮಂಡ್ ಗುಂಟರ್ 1620ರಲ್ಲಿ ನೆಲ ಅಳೆಯಲು ಒಂದು ಸರಪಳಿ ರೂಪಿಸಿದ. ಉದ್ದ 66 ಅಡಿ, ಕೊಂಡಿಗಳು 100. ಅದರ ಸೊಗಸೆಂದರೆ, ಹತ್ತು ಚದರ ಸರಪಳಿಗೆ ಸರಿಯಾಗಿ ಒಂದು ಎಕರೆ. ಇಂಗ್ಲೆಂಡಿನ ಹಳೆಯ ಎಡವಟ್ಟು ಅಳತೆಗಳನ್ನು ಹತ್ತು ನೂರರ ಲೆಕ್ಕಕ್ಕೆ ಹೊಂದಿಸಿದ ಜಾಣ ಉಪಾಯ ಅದು. ಕಂಪನಿ ಸರ್ಕಾರದ ಜೊತೆ ಅದೂ ಇಲ್ಲಿಗೆ ಬಂತು. ಮುಂಬೈ ಪ್ರಾಂತ್ಯದ ಸರ್ವೆಯಲ್ಲಿ ಇದರ ಅರ್ಧದಷ್ಟು ಉದ್ದದ, 33 ಅಡಿಯ ಸರಪಳಿ ಬಳಕೆಗೆ ಬಂತು. ಅದನ್ನು ನೂರು ಭಾಗ ಮಾಡಲಿಲ್ಲ, ಹದಿನಾರು ಭಾಗ ಮಾಡಿದರು. ಒಂದೊಂದು ಭಾಗಕ್ಕೆ ಒಂದು ಆಣೆ ಎಂದು ಹೆಸರು. ಸರಪಳಿ ಹಿಡಿಯುವ ಜನಕ್ಕೆ, ಲೆಕ್ಕ ಬರೆಯುವ ಕಾರಕೂನರಿಗೆ ಹದಿನಾರರ ಲೆಕ್ಕ ರೂಪಾಯಿಯಿಂದಲೇ ರೂಢಿಯಾಗಿತ್ತು. ಸರಪಳಿಯಷ್ಟು ಉದ್ದ, ಸರಪಳಿಯಷ್ಟು ಅಗಲ ಇದ್ದರೆ ಒಂದು ಗುಂಟೆ. ಸರಪಳಿಯಷ್ಟು ಉದ್ದ, ಒಂದು ಆಣೆ ಅಗಲ ಇದ್ದರೆ ಗುಂಟೆಯ ಹದಿನಾರನೇ ಒಂದು ಪಾಲು, ಅದೂ ಒಂದು ಆಣೆ.

ಗುಂಟರ್, ಗುಂಟೆ. ಕಿವಿಗೆ ಇಷ್ಟು ಹತ್ತಿರ ಕೇಳಿದ ಮೇಲೆ ಕಥೆ ಹುಟ್ಟದೇ ಇರುತ್ತದೆಯೇ? ಗುಂಟರ್ ಸಾಹೇಬನ ಹೆಸರೇ ನಮ್ಮ ಬಾಯಲ್ಲಿ ಗುಂಟೆಯಾಯಿತು ಎಂದು ಜಮೀನಿನ ಮಧ್ಯವರ್ತಿಗಳಿಂದ ಹಿಡಿದು ಇಂಜಿನಿಯರುಗಳವರೆಗೆ ಹಲವರು ನನಗೆ ಹೇಳಿದ್ದಾರೆ. ಕೇಳಲು ಚಂದ. ನಾನು ನಂಬುವುದಿಲ್ಲ. ಒಡಿಶಾದ ಕಡೆ ನೋಡಿ. ಅಲ್ಲಿನ ಹಳೆಯ ಭೂಲೆಕ್ಕದಲ್ಲಿ 16 ಬಿಸ್ವಕ್ಕೆ ಒಂದು ಗುಂಠ, 25 ಗುಂಠಕ್ಕೆ ಒಂದು ಮಾಣ, 20 ಮಾಣಕ್ಕೆ ಒಂದು ಬಾಟಿ. ಅಲ್ಲಿನ ಗುಂಠಕ್ಕೂ 33 ಅಡಿಯ ಸರಪಳಿಗೂ ಸಂಬಂಧವಿಲ್ಲ. ಗಾತ್ರದಲ್ಲೂ ಅದು ನಮ್ಮ ಗುಂಟೆಗಿಂತ ಬಹಳ ದೊಡ್ಡದು. ಮಾಣ, ಬಾಟಿಗಳ ನಡುವೆ ಅಷ್ಟು ಹಾಯಾಗಿ ಕೂತಿರುವ ಪದಕ್ಕೆ ಲಂಡನ್ನಿನ ಪ್ರಾಧ್ಯಾಪಕನ ಹೆಸರು ಬೇಕಿಲ್ಲ. ಸರಪಳಿ ಹೊರಗಿನಿಂದ ಬಂತು, ಹೆಸರು ಇಲ್ಲಿನದೇ ಅಂಟಿಕೊಂಡಿತು ಎಂದೇ ನನ್ನ ಎಣಿಕೆ.

ಇನ್ನೊಂದು ಕಥೆಯೂ ಇದೆ. ಕಳೆ ತೆಗೆಯಲು, ಮಣ್ಣು ಸಡಿಲಿಸಲು ಎತ್ತುಗಳಿಗೆ ಕಟ್ಟಿ ಹೊಡೆಯುವ ಕುಂಟೆ ಗೊತ್ತಲ್ಲ, ಆ ಕುಂಟೆಯೇ ಗುಂಟೆಯಾಯಿತು ಎನ್ನುವುದು. ಸಲಕರಣೆಯ ಹೆಸರು ನೆಲದ ಅಳತೆಯ ಹೆಸರಾಗುವುದು ಕನ್ನಡಕ್ಕೆ ಹೊಸದಲ್ಲ. ಆ ಮಾತು ಮುಂದೆ ಬರುತ್ತದೆ. ಆದರೆ ಮರಾಠಿಯವರು ಮಹಾಪ್ರಾಣ ಹಾಕಿ ಗುಂಠಾ ಎನ್ನುತ್ತಾರೆ, ಒಡಿಯಾದಲ್ಲೂ ಠ ಇದೆ. ನಮ್ಮ ಕುಂಟೆಯನ್ನು ಅಷ್ಟು ದೂರ ಎಳೆದುಕೊಂಡು ಹೋಗುವುದು ಕಷ್ಟ. ತೆಲುಗಿನಲ್ಲಂತೂ ಗುಂಟ ಎಂದರೆ ಗುಂಡಿ ಎಂಬ ಅರ್ಥವೂ ಇರುವುದರಿಂದ ಅಲ್ಲಿ ಇನ್ನೊಂದೇ ಕಥೆ ಹುಟ್ಟಬಹುದು. ಭಾಷಾಶಾಸ್ತ್ರ ಓದುವಾಗ ನಮ್ಮ ಮೇಷ್ಟರೊಬ್ಬರು, ಎರಡು ಪದ ಒಂದೇ ರೀತಿ ಕೇಳಿಸಿದರೆ ಮೊದಲು ಅನುಮಾನ ಪಡಿ ಎನ್ನುತ್ತಿದ್ದರು.

ಈ 33 ಅಡಿಯ ಚೌಕ ದೇಶದ ಯಾವ ಯಾವ ಭಾಗಕ್ಕೆ ಹೋಯಿತು, ಎಲ್ಲಿ ಹೋಗಲಿಲ್ಲ ಎಂಬುದು ನನಗೆ ಪದದ ಹುಟ್ಟಿಗಿಂತ ಹೆಚ್ಚು ರುಚಿಸಿದ ವಿಷಯ.

ಪೇಶ್ವೆಯರ ನಾಡು ಕಂಪನಿಯ ಕೈಗೆ ಬಂದ ಮೇಲೆ ಪ್ರಿಂಗಲ್ ಎಂಬ ಅಧಿಕಾರಿ ಮಾಡಿದ ಮೊದಲ ಸರ್ವೆ, ಕಂದಾಯ ನಿಗದಿ ಕೆಟ್ಟಿತು. ಕಂದಾಯ ಭಾರವಾಗಿ ರೈತರು ಹೊಲ ಬಿಟ್ಟು ಹೋದರು. 1835ರಲ್ಲಿ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬಿಬ್ಬರು ಪುಣೆ ಜಿಲ್ಲೆಯ ಇಂದಾಪುರ ತಾಲೂಕಿನಲ್ಲಿ ಹೊಸದಾಗಿ ಅಳೆಯಲು ಶುರುಮಾಡಿದರು. ಪುಣೆಯಿಂದ ಸೊಲ್ಲಾಪುರದ ಬಸ್ಸು ಹತ್ತಿದವರೆಲ್ಲ ದಾಟುವ ಇಂದಾಪುರ ಅದೇ. ಅಲ್ಲಿ ಪಳಗಿದ ಪದ್ಧತಿ ದಕ್ಷಿಣಕ್ಕೆ ಇಳಿದು ಬೆಳಗಾವಿ, ಧಾರವಾಡಗಳಿಗೆ ಬಂತು. 1847ರಲ್ಲಿ ಅದರ ನಿಯಮಗಳೆಲ್ಲ ಒಂದು ಜಂಟಿ ವರದಿಯಾಗಿ ಕೂಡಿಬಂದವು. ಮೈಸೂರು ಆಗ ಬ್ರಿಟಿಷ್ ಕಮಿಷನರ ಕೈಯಲ್ಲಿತ್ತು. 1863ರಲ್ಲಿ ಅಲ್ಲಿ ಸರ್ವೆ ಇಲಾಖೆ ಹುಟ್ಟಿದಾಗ ಮಾದರಿಯಾಗಿ ತೆಗೆದುಕೊಂಡದ್ದು ಮದರಾಸನ್ನಲ್ಲ, ಮುಂಬೈಯನ್ನು. ಸಾಲಾರ್ ಜಂಗ್ ಕಾಲದ ಹೈದರಾಬಾದ್ ಸಂಸ್ಥಾನವೂ ಅದೇ ದಾರಿ ಹಿಡಿಯಿತು. ಹೀಗೆ ಮರಾಠವಾಡ, ತೆಲಂಗಾಣ, ಬೀದರ್, ಕಲಬುರಗಿ, ಹಳೆ ಮೈಸೂರು, ಧಾರವಾಡ ಎಲ್ಲವೂ ಗುಂಟೆಯ ನಾಡಾದವು.

ಮದರಾಸ್ ಪ್ರಾಂತ್ಯ ಮಾತ್ರ ಎಕರೆಯನ್ನು ನೂರು ಮಾಡಿತು. ಅದೇ ಸೆಂಟ್ಸ್. ಒಂದು ಸೆಂಟ್ ಎಂದರೆ 435.6 ಚದರ ಅಡಿ, ಎರಡೂವರೆ ಸೆಂಟ್ಸಿಗೆ ಒಂದು ಗುಂಟೆ. ತಮಿಳುನಾಡು, ಕೇರಳ, ಆಂಧ್ರದಲ್ಲಿ ಇವತ್ತಿಗೂ ಸೆಂಟ್ಸಿನದೇ ಮಾತು. ಚೆನ್ನೈ ನಗರದೊಳಗೆ ಗ್ರೌಂಡ್ ಎಂಬ 2,400 ಚದರ ಅಡಿಯ ಇನ್ನೊಂದು ಲೆಕ್ಕವಿದೆ, ಅದು ಬೇರೆಯೇ ಕಥೆ. ತೆಲಂಗಾಣ ಆಂಧ್ರಗಳು 1956ರಲ್ಲಿ ಒಂದಾದವು, 2014ರಲ್ಲಿ ಬೇರೆಯಾದವು. ಈ ಅರ್ಧ ಶತಮಾನಕ್ಕೂ ಹೆಚ್ಚಿನ ಸಂಸಾರದಲ್ಲಿ ಗುಂಟವೂ ಸೆಂಟೂ ತಮ್ಮ ತಮ್ಮ ಜಾಗ ಬಿಟ್ಟು ಕದಲಲಿಲ್ಲ.

ಕರ್ನಾಟಕದೊಳಗೆ ಈ ಗೆರೆ ಇನ್ನೂ ಸ್ಪಷ್ಟ. ಕನ್ನಡ ಜಿಲ್ಲೆ ಮೊದಲು ಇಡಿಯಾಗಿ ಮದರಾಸಿಗೆ ಸೇರಿತ್ತು. ಅದನ್ನು ಎರಡಾಗಿ ಒಡೆದು, 1862ರಲ್ಲಿ ಉತ್ತರ ಕನ್ನಡವನ್ನು ಮುಂಬೈ ಪ್ರಾಂತ್ಯಕ್ಕೆ ಕೊಟ್ಟರು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಇವತ್ತು ಕಾರವಾರದಿಂದ ಕರಾವಳಿ ಹಿಡಿದು ಬನ್ನಿ: ಕುಮಟಾದಲ್ಲಿ, ಹೊನ್ನಾವರದಲ್ಲಿ, ಭಟ್ಕಳದಲ್ಲಿ ಜಾಗದ ಮಾತು ಗುಂಟೆಯಲ್ಲಿ. ಭಟ್ಕಳ ದಾಟಿ ಶಿರೂರು ಬಂದರೆ ಸೆಂಟ್ಸ್ ಶುರು. ಅದೇ ಕಡಲು, ಅದೇ ತೆಂಗು, ಅದೇ ಕೆಂಪು ಮಣ್ಣು. ನಡುವೆ ಮಾತ್ರ 1862. ಬಳ್ಳಾರಿಯೂ ಹೀಗೆಯೇ. ಅದು 1953ರವರೆಗೆ ಮದರಾಸಿನಲ್ಲಿದ್ದ ಜಿಲ್ಲೆ, ಅಲ್ಲಿನ ಪಹಣಿಯಲ್ಲಿ ಎಕರೆಯ ಪಕ್ಕ ಕೂತಿರುವುದು ಸೆಂಟ್ಸ್.

ನನ್ನ ತಪ್ಪಿನ ಬೇರು ಸಿಕ್ಕಿದ್ದು ಇಲ್ಲಿ. ಸೆಂಟ್ಸ್ ನಾಡಿನಲ್ಲಿ 2.13 ಎಂದರೆ ಎರಡು ಎಕರೆ ಹದಿಮೂರು ಸೆಂಟ್ಸ್. ಎಕರೆಗೆ ನೂರು ಸೆಂಟ್ಸ್ ಆದ್ದರಿಂದ ಅದು ದಶಮಾಂಶದಲ್ಲೂ 2.13 ಎಕರೆಯೇ. ಅಂದರೆ ಆ ಹೊಲ ಧಾರವಾಡದ ಬದಲು ಕುಂದಾಪುರದಲ್ಲೋ ಬಳ್ಳಾರಿಯಲ್ಲೋ ಇದ್ದಿದ್ದರೆ ನಾನು ಬರೆದದ್ದು ಹದಿನಾರಾಣೆ ಸರಿ. ಅದೇ ರಾಜ್ಯ, ಅದೇ ಕಂದಾಯ ಇಲಾಖೆ, ಅದೇ ಲಿಪಿಯ ಅದೇ ಮೂರು ಅಂಕಿ, ಆದರೆ ಅರ್ಥ ಎರಡು. ಚೆನ್ನೈನ ವಕೀಲರಿಗೆ ನನ್ನ ಸಂಖ್ಯೆಯಲ್ಲಿ ಯಾವ ಕೊಸರೂ ಕಾಣಲಿಲ್ಲ. ಅವರು ಹುಟ್ಟಿದಾಗಿನಿಂದ ನೋಡಿದ ಪಟ್ಟಾಗಳಲ್ಲಿ ಚುಕ್ಕಿ ಚುಕ್ಕಿಯ ಕೆಲಸವನ್ನೇ ಮಾಡುತ್ತಿತ್ತು. ಅವರದೇನೂ ತಪ್ಪಿಲ್ಲ. ಪ್ರಾಂತ್ಯ ಬದಲಾಗಿದೆ ಎಂದು ಅವರಿಗೆ ಹೇಳಬೇಕಾದವಳು ಅನುವಾದಕಿ, ಅವಳೇ ಹೇಳಲಿಲ್ಲ.

ಗುಂಟೆಗೂ ಮೊದಲು ನಮ್ಮ ಜನ ಹೊಲವನ್ನು ಹೇಗೆ ಹೇಳುತ್ತಿದ್ದರು? ಶಾಸನಗಳಲ್ಲಿ ಮತ್ತರು ಬರುತ್ತದೆ, ಕಮ್ಮ ಬರುತ್ತದೆ, ಸಂಸ್ಕೃತದ ನಿವರ್ತನ ಬರುತ್ತದೆ. ದೇವಸ್ಥಾನಕ್ಕೆ ಇಷ್ಟು ಮತ್ತರು ಬಿಟ್ಟೆವು ಎಂದು ಹೇಳಿದರೆ ಸಾಲುತ್ತಿರಲಿಲ್ಲ, ಯಾವ ಗಳೆಯಿಂದ ಅಳೆದದ್ದು ಎಂದೂ ಹಲವೆಡೆ ಕಲ್ಲಿನಲ್ಲಿ ಕೊರೆಯಬೇಕಾಗುತ್ತಿತ್ತು. ಗಳೆ ಎಂದರೆ ಅಳತೆಯ ಕೋಲು, ಮೂಲದಲ್ಲಿ ಬಿದಿರಿನ ಗಳ. ಬಳ್ಳಿಗಾವಿಯಲ್ಲಿ ಚಾಮುಂಡರಾಯರಸ 1047ರಲ್ಲಿ ಗಂಡಭೇರುಂಡದ ಕಂಬ ನಿಲ್ಲಿಸಿದ. ಆ ಊರಿನ ಶಾಸನಗಳಲ್ಲಿ ಭೂಮಿಯನ್ನು ಭೇರುಂಡ ಗಳೆಯಲ್ಲಿ ಅಳೆದದ್ದು ಕಾಣುತ್ತದೆ. ಗಳೆ ಬದಲಾದರೆ ಮತ್ತರು ಬದಲಾಗುತ್ತದೆ ಎಂಬ ಅರಿವು ಹನ್ನೊಂದನೇ ಶತಮಾನದ ಬರಹಗಾರನಿಗೆ ಇತ್ತು. ನನಗೆ ಇರಲಿಲ್ಲ.

ರೈತರ ಬಾಯಲ್ಲಿ ಮಾತ್ರ ಕೋಲಿಗಿಂತ ಬೀಜ ಮುಖ್ಯ. ಖಂಡುಗ ಮೂಲತಃ ಧಾನ್ಯದ ಅಳತೆ. 20 ಕೊಳಗಕ್ಕೆ ಒಂದು ಖಂಡುಗ. ಒಂದು ಖಂಡುಗ ಬೀಜ ಹಿಡಿಯುವ ನೆಲವೂ ಒಂದು ಖಂಡುಗ. 'ಹತ್ತು ಕೊಳಗದ ಗದ್ದೆ' ಎಂದರೆ ಆಯಿತು, ಅಗಲ ಉದ್ದ ಕೇಳಬೇಕಿಲ್ಲ. ತುಳುನಾಡಿನಲ್ಲಿ ಅಕ್ಕಿ ಮುಡಿಯೇ ಗದ್ದೆಯ ಅಳತೆಗೂ ಬಂತು. ಈ ಲೆಕ್ಕದಲ್ಲಿ ರಾಗಿ ಹೊಲದ ಒಂದು ಖಂಡುಗ, ಭತ್ತದ ಗದ್ದೆಯ ಒಂದು ಖಂಡುಗಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ರಾಗಿ ಸಣ್ಣ ಕಾಳು, ಒಂದು ಸೇರು ಬಹಳ ದೂರ ಹೋಗುತ್ತದೆ. ಅಳೆಯುವ ಅಧಿಕಾರಿಗೆ ಇದು ಗೊಂದಲ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ನನ ಪ್ರವಾಸದ ಬರಹದಲ್ಲಿ ಊರಿಂದೂರಿಗೆ ಬದಲಾಗುವ ಸೇರು ಕೊಳಗಗಳ ಲೆಕ್ಕ ಎಷ್ಟೋ ಪುಟ ತಿಂದಿದೆ. ಉಳುವವನಿಗೆ ಮಾತ್ರ ಗೊಂದಲ ಇರಲಿಲ್ಲ. ಬಿತ್ತನೆಗೆ ಎಷ್ಟು ಕಾಳು ಎತ್ತಿಡಬೇಕು ಎಂಬುದೇ ಅವನ ಪ್ರಶ್ನೆ, ಹೊಲದ ಹೆಸರಿನಲ್ಲೇ ಉತ್ತರ ಇತ್ತು.

ಉತ್ತರ ಕರ್ನಾಟಕದಲ್ಲಿ ಬೀಜದ ಜಾಗದಲ್ಲಿ ದಿನ ಬಂತು. ಕೂರಿಗೆ ಬಿತ್ತುವ ಸಾಧನ. ಒಂದು ಜೋಡಿ ಎತ್ತು ಕಟ್ಟಿಕೊಂಡು ಒಂದು ದಿನದಲ್ಲಿ ಎಷ್ಟು ನೆಲ ಬಿತ್ತಬಹುದೋ ಅಷ್ಟು ಒಂದು ಕೂರಿಗೆ ಹೊಲ. ಈಗ ಕೇಳಿದರೆ ಸುಮಾರು ನಾಲ್ಕು ಎಕರೆ ಎನ್ನುತ್ತಾರೆ. ಗಟ್ಟಿ ಎರೆ ಮಣ್ಣಾದರೆ ಕಡಿಮೆ, ಹಗುರ ಮಸಾರಿಯಾದರೆ ಜಾಸ್ತಿ.

ಇದನ್ನು ಕೇಳಿ 'ನಮ್ಮವರದು ಜೀವಂತ ಅಳತೆ, ಇಂಗ್ಲಿಷರದು ಸತ್ತ ಅಂಕಿ' ಎಂದು ಹೇಳುವ ಆಸೆಯಾಗುತ್ತದೆ. ಆದರೆ ಎಕರೆಯ ಹುಟ್ಟು ನೋಡಿದರೆ ಬಾಯಿ ಕಟ್ಟುತ್ತದೆ. ಇಂಗ್ಲೆಂಡಿನಲ್ಲಿ ಎಕರೆ ಎಂದರೆ ಎತ್ತುಗಳ ನೇಗಿಲು ಒಂದು ದಿನದಲ್ಲಿ ಉಳುವಷ್ಟು ನೆಲವೇ ಆಗಿತ್ತು. ಪದದ ಬೇರಿಗೆ ಇಳಿದರೆ ಲ್ಯಾಟಿನ್ನಿನ ಅಗೆರ್, ಸಂಸ್ಕೃತದ ಅಜ್ರ, ಎರಡೂ ಅದರ ದಾಯಾದಿಗಳು; ಎರಡಕ್ಕೂ ಹೊಲ ಎಂದೇ ಅರ್ಥ. ಕೂರಿಗೆಯ ದೂರದ ನೆಂಟನೇ ಕೋಟು ಹಾಕಿಕೊಂಡು, ಶತಮಾನಗಟ್ಟಲೆ ಕಚೇರಿಯಲ್ಲಿ ಕೂತು, ಎತ್ತನ್ನು ಮರೆತು ನಮ್ಮೂರಿಗೆ ಸಾಹೇಬನಾಗಿ ಬಂದ. ಪೂರ್ತಿ ಮರೆತಿರಲಿಲ್ಲ ಎಂಬುದೂ ನಿಜ. ಮುಂಬೈ ಸರ್ವೆಯ ನಿಯಮಗಳಲ್ಲಿ ಒಂದು ಸರ್ವೆ ನಂಬರು ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಆಧಾರ ಒಂದು ಜೋಡಿ ಎತ್ತಿನ ದುಡಿಮೆ: ಹಗುರ ಮಣ್ಣಿನ ಒಣ ಭೂಮಿಯಾದರೆ 20 ಎಕರೆ, ಎರೆಯಾದರೆ 12, ಭತ್ತದ ಗದ್ದೆಯಾದರೆ 4. ನಿಮ್ಮ ಊರಿನ ಸರ್ವೆ ನಂಬರಿನೊಳಗೆ ನೂರೈವತ್ತು ವರ್ಷದ ಹಿಂದಿನ ಎರಡು ಎತ್ತು ಈಗಲೂ ನಿಂತಿವೆ. ಆಮೇಲೆ ಮಕ್ಕಳು ಮೊಮ್ಮಕ್ಕಳು ಹಿಸ್ಸೆ ಮಾಡಿಕೊಂಡು, ಪೋಡಿ ಮಾಡಿಸಿಕೊಂಡು, ಎಕರೆಯ ಕಾಲಮ್ಮು ಬರಿದಾಗಿ ಗುಂಟೆಯ ಕಾಲಮ್ಮು ತುಂಬಿತು.

ಆಣೆಯ ಮಾತು ಬಿಟ್ಟರೆ ಈ ಕಥೆ ಪೂರ್ತಿಯಾಗದು, ಏಕೆಂದರೆ ಅನುವಾದಕರ ಕಾಲಿಗೆ ಗುಂಟೆಗಿಂತ ಹೆಚ್ಚು ಎಡವುವ ಕಲ್ಲು ಅದು. ಗುಂಟೆಗೆ ಹದಿನಾರು ಆಣೆ, ಒಂದು ಆಣೆಗೆ 68 ಚದರ ಅಡಿ, ಸಣ್ಣ ಸ್ನಾನದ ಮನೆಯಷ್ಟು. ಆದರೆ ಹಳೆಯ ವಾಟ್ನಿ ಪತ್ರದಲ್ಲಿ 'ನಾಲ್ಕಾಣೆ ಹಿಸ್ಸೆ' ಎಂದಿದ್ದರೆ ಅದು 272 ಚದರ ಅಡಿಯಲ್ಲ, ಇಡೀ ಆಸ್ತಿಯ ಕಾಲು ಪಾಲು. ಮಣ್ಣಿನ ಗುಣ ಬರೆಯುವಾಗಲೂ ಸರ್ವೆಯವರು ಆಣೆಯನ್ನೇ ಬಳಸಿದರು: ಒಳ್ಳೆಯ ಮಣ್ಣಿಗೆ ಹದಿನಾರಾಣೆ, ಕಲ್ಲು, ಸುಣ್ಣ, ಇಳಿಜಾರು ಸಿಕ್ಕಂತೆ ಇಳಿಯುತ್ತಾ ಎರಡಾಣೆಯವರೆಗೆ. ಬೆಳೆ ಎಷ್ಟು ಬಂತು ಎಂಬುದಕ್ಕೂ ಆಣೆವಾರಿ. ಮಹಾರಾಷ್ಟ್ರದಲ್ಲಿ ಅದು ಪೈಸೇವಾರಿಯಾಗಿದೆ. 50 ಪೈಸೆಗಿಂತ ಕೆಳಗೆ ಬಂದರೆ ಬರದ ಮಾತು ಶುರುವಾಗುವುದನ್ನು ಮರಾಠಿ ಪತ್ರಿಕೆ ಓದುವವರು ನೋಡಿರುತ್ತೀರಿ. ಹೀಗೆ ಒಂದೇ ಪುಟದಲ್ಲಿ ಆಣೆ ಅಗಲವೂ ಆಗಬಹುದು, ಪಾಲೂ ಆಗಬಹುದು, ಮಣ್ಣಿನ ಸಾರವೂ ಆಗಬಹುದು. ಜೇಬಿನ ಆಣೆ 1957ರಲ್ಲಿ ನಯಾ ಪೈಸೆ ಬಂದಾಗ ಹೋಯಿತು. ಹೊಲದ ಆಣೆ ಹೋಗಿಲ್ಲ.

ಪುಣೆಯಲ್ಲಿ ಇದ್ದುಕೊಂಡು ಗುಂಠಾದ ಈಗಿನ ಬಾಳು ಹೇಳದೇ ಇರುವುದು ಸರಿಯಲ್ಲ. ಇಲ್ಲಿನ ಸಾತ್‌ಬಾರಾ ಉತಾರದಲ್ಲಿ ಗುಂಠಾ ಇಲ್ಲವೇ ಇಲ್ಲ. ದಾಖಲೆ ಮೆಟ್ರಿಕ್ಕಿಗೆ ಹೋಗಿದೆ: ಹೆಕ್ಟೇರ್, ಆರ್, ಚದರ ಮೀಟರ್. ನೂರು ಚದರ ಮೀಟರಿಗೆ ಒಂದು ಆರ್. ನಮ್ಮ ಹಿರಿಯಕ್ಕನ 93 ಗುಂಟೆ ಇಲ್ಲಿದ್ದರೆ 0.94.09 ಎಂದು ಬರೆಯುತ್ತಿದ್ದರು, ಮತ್ತು ಆ ಚುಕ್ಕಿಗಳು ನೂರರ ಲೆಕ್ಕದ ಪ್ರಾಮಾಣಿಕ ಚುಕ್ಕಿಗಳು. ಆದರೆ ಬಾಯಲ್ಲಿ? ಒಂದು ಆರ್ ಎಂದರೆ ಒಂದು ಗುಂಠಾ ಎಂದೇ ಮಾತು. ವ್ಯತ್ಯಾಸ ಚಿಕ್ಕದು, ಒಂದು ಗುಂಟೆ 101.17 ಚದರ ಮೀಟರ್. ಒಂದು ಎಕರೆಗೆ ಬರುವ ಹೊತ್ತಿಗೆ ಮಾತ್ರ ಅದು ಸುಮಾರು 504 ಚದರ ಅಡಿಯಾಗಿ ಬೆಳೆದಿರುತ್ತದೆ. ಮುಂಬೈಯಲ್ಲಿರುವವರಿಗೆ 504 ಚದರ ಅಡಿ ಎಂದರೆ ಏನೆಂದು ನಾನು ಹೇಳಬೇಕಿಲ್ಲ. ಅದರೊಳಗೆ ಒಂದು ಸಂಸಾರ ಹಿಡಿಯುತ್ತದೆ.

ಕಾಗದದಿಂದ ಹೊರಬಿದ್ದ ಗುಂಠಾ ಬೀದಿಯಲ್ಲಿ ಇನ್ನಷ್ಟು ಬಲವಾಯಿತು. ಹೊಲ ಚೂರಾಗದಂತೆ ತಡೆಯುವ ಕಾನೂನು ಮುಂಬೈ ಪ್ರಾಂತ್ಯದಲ್ಲಿ 1947ರಲ್ಲೇ ಬಂದಿತ್ತು. ಆದರೂ ನಗರದ ಅಂಚಿನ ಹೊಲಗಳು ಒಂದು ಗುಂಠಾ, ಎರಡು ಗುಂಠಾ ಲೆಕ್ಕದಲ್ಲಿ ಮಾರಾಟವಾದವು, ಬಡವರು, ಕೆಳಮಧ್ಯಮ ವರ್ಗದವರು ಕೊಂಡು ಮನೆ ಕಟ್ಟಿಕೊಂಡರು. ಕೊನೆಗೆ 2001ರಲ್ಲಿ ಮಹಾರಾಷ್ಟ್ರ ಅವನ್ನು ಸಕ್ರಮ ಮಾಡಲು ಒಂದು ಕಾಯಿದೆ ತಂದಾಗ ಅದರ ಹೆಸರಿನಲ್ಲೇ ಗುಂಠೇವಾರಿ ಸೇರಿತು. ದಾಖಲೆಯಿಂದ ಹೊರಹಾಕಿದ ಪದವೇ ಕಾಯಿದೆಯ ಹೆಸರಾಗಿ ಮುಂಬಾಗಿಲಿನಿಂದ ವಾಪಸು ಬಂತು. ಇನ್ನು ಅಜ್ಜನ ಹೊಲ ಮಾರಿ, ಕೊರಳಿಗೆ ಚಿನ್ನದ ಸರ ಹಾಕಿ, ದೊಡ್ಡ ಕಾರು ಕೊಂಡು ಓಡಾಡುವ ಹುಡುಗರಿಗೆ ಇಲ್ಲಿನವರು ಇಟ್ಟ ಹೆಸರು ಗುಂಠಾಮಂತ್ರಿ. ನಗುವುದಕ್ಕಾಗಿ ಹೇಳುವ ಮಾತೇ. ಆದರೆ ಆ ಹಣ ಮುಗಿದ ಮನೆಗಳನ್ನು ನೋಡಿದ ಮೇಲೆ ನನಗೆ ಅಷ್ಟು ನಗು ಬರುವುದಿಲ್ಲ.

ದೆಹಲಿಯವರು ನಮ್ಮದೇನಿದ್ದರೂ ಗಜ, ಬೀಘಾ ಎನ್ನಬಹುದು. ನಿಮ್ಮ ಕಡೆಯ ಬೀಘಾ ಬಿಸ್ವಾಗಳಲ್ಲೂ ಇದೇ ಗುಂಡಿಯಿದೆ: 20 ಬಿಸ್ವಾಕ್ಕೆ ಒಂದು ಬೀಘಾ. ಹಳೆಯ ದಾಖಲೆಯಲ್ಲಿ 4-16 ಎಂದಿದ್ದರೆ ಅದನ್ನು 4.16 ಮಾಡಬೇಡಿ. ಅದು ನಾಲ್ಕು ಬೀಘಾ ಹದಿನಾರು ಬಿಸ್ವಾ, ದೆಹಲಿ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಎಕರೆ.

ನಾನೀಗ ಯಾವ ಭಾಷೆಗೆ ಅನುವಾದಿಸಿದರೂ ವಿಸ್ತೀರ್ಣವನ್ನು ಮೊದಲು ಅಕ್ಷರದಲ್ಲಿ ಬರೆಯುತ್ತೇನೆ: ಎರಡು ಎಕರೆ ಹದಿಮೂರು ಗುಂಟೆ. ಕೆಳಗೆ 40ರ ಲೆಕ್ಕ ಎಂದು ಒಂದು ಸಾಲು. ಆಮೇಲೆ ಬೇಕಾದರೆ ಚದರ ಅಡಿ, ಚದರ ಮೀಟರ್. ವಕೀಲರು ಇದು ಉದ್ದವಾಯಿತು ಎನ್ನುತ್ತಾರೆ. ಇರಲಿ.

ಆ ಕುಟುಂಬದ ಕರಡು ತಿದ್ದಿದೆ. ಶುಲ್ಕ ತೆಗೆದುಕೊಳ್ಳಲಿಲ್ಲ. 93 ಗುಂಟೆ, ಒಬ್ಬೊಬ್ಬರಿಗೆ 31 ಗುಂಟೆ, 33,759 ಚದರ ಅಡಿ. ಕಳಿಸುವ ಮೊದಲು ಹಿರಿಯಕ್ಕನಿಗೆ ಫೋನು ಮಾಡಿ ಒಂದೊಂದೇ ಸಾಲು ಕನ್ನಡದಲ್ಲಿ ಓದಿ ಹೇಳಿದೆ. ಚಕ್ಕುಬಂದಿ ಓದುವಾಗ ಮೂಡಲಿಗೆ ಯಾರ ಹೊಲ, ಪಡುವಲಿಗೆ ಯಾವ ಹಳ್ಳ ಎಂದು ಅವರೇ ನನಗಿಂತ ಮುಂಚೆ ಹೇಳುತ್ತಿದ್ದರು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಎಲ್ಲಾ ಬರೋಬ್ಬರಿ ಐತಿ. ಆದ್ರ ಹೊಲದ ಹೆಸರ ಬರಲಿಲ್ಲಲ್ಲವ್ವಾ?"

"ಹೆಸರು ಏನ್ರಿ ಅಮ್ಮಾರ?"

"ಅರ್ಧ ಕೂರಿಗಿ ಹೊಲ ಅಂತಾರ ಅದಕ್ಕ. ನಮ್ಮ ಅಪ್ಪ ಮುಂಜಾನಿ ಕೂರಿಗಿ ಹೂಡಿದ್ರ ಊಟದ ಹೊತ್ತಿಗೆ ಬಿತ್ತಿ ಮುಗಸ್ತಿದ್ದ."

ಉತಾರದಲ್ಲಿ ಇಲ್ಲದ್ದನ್ನು ಅನುವಾದದಲ್ಲಿ ಸೇರಿಸಬಾರದು, ಅದು ನಮ್ಮ ಕಸುಬಿನ ಮೊದಲ ನಿಯಮ. ಹಾಗಾಗಿ ಅದನ್ನು ಪತ್ರದ ಒಳಗೆ ಬರೆಯಲಿಲ್ಲ. ಕಡತಕ್ಕೆ ಹೆಸರಿಡಬೇಕಲ್ಲ, ಅಲ್ಲಿ ಬರೆದೆ. ಮೂವರಿಗೂ ಹೋದ ಮಿಂಚಂಚೆಯಲ್ಲಿ ಅದು ಹಾಗೇ ಹೋಯಿತು: ಅರ್ಧ ಕೂರಿಗಿ ಹೊಲ, ತಿದ್ದಿದ ಪ್ರತಿ.